ಗೊಂಬೊನ ಮಾಂಸ, ಯಾಂಜ್ಮಾಳ ಗಾಡಿ

ಮಂಜುಗಡ್ಡೆಯ ರಸ್ತೆಯಲ್ಲಿ ಗಾಡಿ ಓಡಿಸಲು ಬರದ ಗಂಡಸು ನಮ್ಮ ಊರಿನಲ್ಲಿ ಒಬ್ಬನೂ ಇಲ್ಲ. ವರ್ಷಕ್ಕೆ ಏಳೆಂಟು ಗಾಡಿಗಳು ಕಣಿವೆಯ ಪಾಲಾಗುವುದೂ ಅವರ ಕೈಯಲ್ಲೇ. ಯಾಂಜ್ಮಾಳ ಗಾಡಿ ಮಾತ್ರ ಆರು ಚಳಿಗಾಲ ಕಳೆದರೂ ರಸ್ತೆ ಬಿಟ್ಟು ಇಳಿದಿರಲಿಲ್ಲ. ಆದ್ದರಿಂದ ಅವಳಿಗೆ ಓಡಿಸಲು ಬರುವುದಿಲ್ಲ ಎಂಬುದು ಊರಿನ ತೀರ್ಮಾನ.

ಮೂವತ್ತು ವರ್ಷ ಹವಾಮಾನ ಠಾಣೆಯಲ್ಲಿ ಮೂರು ಗಂಟೆಗೊಮ್ಮೆ ಹೊರಗೆ ಹೋಗಿ ಉಷ್ಣತೆ ಬರೆದುಕೊಂಡವಳು ಅವಳು. ನಿವೃತ್ತಿಯಾದ ಮೇಲೆ ಜಪಾನಿನಿಂದ ಬಂದ ಹಳೆಯ ಹೈಬ್ರಿಡ್ ಕಾರು ಕೊಂಡಳು. ಅರ್ಧ ಪೆಟ್ರೋಲು, ಅರ್ಧ ಬ್ಯಾಟರಿ. ಬೆಳಿಗ್ಗೆ ಗುಂಡಿ ಒತ್ತಿದರೆ ಒಳಗಿನಿಂದ ಯಾರೋ ಜಪಾನಿ ಹೆಂಗಸು ಏನೋ ಹೇಳುತ್ತಾಳೆ. ಏನೆಂದು ಯಾರಿಗೂ ತಿಳಿಯದು. ಯಾಂಜ್ಮಾ ಆ ಗಾಡಿಯನ್ನು ಉಷ್ಣಮಾಪಕ ನೋಡಿದ ಹಾಗೆಯೇ ನೋಡಿ ನೋಡಿ ಕಲಿತಳು. ಮಲಗಿದ ಮಗುವಿನ ಪಕ್ಕ ಹಾದುಹೋಗುವವರ ಹಾಗೆ ಪೆಡಲಿನ ಮೇಲೆ ಕಾಲಿಡಬೇಕು. ತೆಗೆಯುವಾಗ ಇನ್ನೂ ಮೆಲ್ಲಗೆ, ಏಕೆಂದರೆ ಕಾಲು ತೆಗೆದ ಕೂಡಲೇ ಈ ಗಾಡಿ ಚಕ್ರದಿಂದ ಬ್ಯಾಟರಿಗೆ ವಿದ್ಯುತ್ತು ಎಳೆದುಕೊಳ್ಳುತ್ತದೆ. ಮಂಜಿನ ಮೇಲೆ ಅದು ಬ್ರೇಕು ಒತ್ತಿದಂತೆಯೇ. ಏರಿನಲ್ಲಿ ನಿಲ್ಲಲೇಬಾರದು.

ವಾರಕ್ಕೆ ಮೂರು ದಿನ ಅವಳು ನೆರೆಮನೆಯ ಗೊಂಬೊನನ್ನು ರಾಜಧಾನಿ ಉಲಾನ್‌ಬಾತರಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು. ಅವನ ಎರಡೂ ಮೂತ್ರಪಿಂಡ ಕೆಟ್ಟಿದ್ದವು. ಯಂತ್ರ ರಕ್ತ ತೊಳೆದರೆ ಮಾತ್ರ ಅವನು ಬದುಕಿರುವುದು. ದಾರಿ ತೊಂಬತ್ತು ಕಿಲೋಮೀಟರ್, ನಡುವೆ ಒಂದು ಘಾಟಿ. ಗೊಂಬೊ ನಲವತ್ತು ವರ್ಷ ರಷ್ಯದ ಲಾರಿ ಓಡಿಸಿದವನು. ಪಕ್ಕದ ಸೀಟಿನಲ್ಲಿ ಕೂತು ಈಗಲೂ ಅದನ್ನೇ ಓಡಿಸುತ್ತಿದ್ದ.

"ಏನಮ್ಮಾ, ಗಾಡಿ ಓಡಿಸ್ತಿದೀಯೋ, ಕುರಿ ಮೇಯಿಸ್ತಿದೀಯೋ?"

"ಕುರಿ ಆಗಿದ್ರೆ ಬಾಯಿ ಮುಚ್ಕೊಂಡು ಬರ್ತಿತ್ತು, ಅಣ್ಣ."

ಡಿಸೆಂಬರಿನ ಒಂದು ಶನಿವಾರ ಹಿಮಗಾಳಿ ಬೀಸಿ ಘಾಟಿ ಮುಚ್ಚಿತು. ಮಂಗಳವಾರ ತೆರೆಯುವಷ್ಟರಲ್ಲಿ ಗೊಂಬೊನ ಪಾದಗಳು ಊದಿ ಬೂಟಿನೊಳಗೆ ಹೋಗುತ್ತಿರಲಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು. ಹನ್ನೆರಡರೊಳಗೆ ಬಂದರೆ ಸರಿ, ತಪ್ಪಿದರೆ ಯಂತ್ರ ಇನ್ನೊಬ್ಬರಿಗೆ ಹೋಗುತ್ತದೆ, ಇನ್ನೊಂದು ದಿನ ತಡೆದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಎಂದು ದಾದಿ ಫೋನಿನಲ್ಲಿ ಹೇಳಿದ್ದಳು.

ಮೈನಸ್ ಮೂವತ್ತನಾಲ್ಕು ಡಿಗ್ರಿ. ಯಾಂಜ್ಮಾ ಬಾನೆಟ್ಟಿಗೆ ಹೊದಿಸಿದ್ದ ಉಣ್ಣೆಗಂಬಳಿ ತೆಗೆದು, ಇಂಜಿನ್ನು ಬಿಸಿಯಾಗಲು ಬಿಟ್ಟು, ಒಳಗೆ ಉಪ್ಪು ಹಾಕಿದ ಹಾಲು ಚಹಾ ಕುಡಿದು ಬರುವಷ್ಟರಲ್ಲಿ ಗಾಡಿಯ ಹಿಂಭಾಗ ಕುಸಿದು ಕೂತಿತ್ತು. ಡಿಕ್ಕಿ ತೆರೆದು ನೋಡಿದರೆ ಎತ್ತಿನ ಎರಡು ತೊಡೆ, ಮೂರು ಕುರಿ, ಎಲ್ಲ ಸೌದೆಯಂತೆ ಹೆಪ್ಪುಗಟ್ಟಿದ್ದವು.

"ಏನಿದು?"

"ಪಟ್ಟಣದ ಮಗಳಿಗೆ ಚಳಿಗಾಲದ ಮಾಂಸ," ಎಂದ ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದ ಗೊಂಬೊ. "ಹೆಂಡತಿ ಹೇರಿದ್ಲು. ಹಿಂದೆ ಭಾರ ಇದ್ರೆ ಗಾಡಿ ನೆಲ ಕಚ್ಕೊಂಡು ಹೋಗತ್ತೆ. ನನ್ನ ಕೇಳು."

"ನಿಮ್ಮ ಲಾರೀನ ಹಿಂದಿನ ಚಕ್ರ ತಳ್ತಿತ್ತು. ಇದನ್ನ ಮುಂದಿನ ಚಕ್ರ ಎಳೆಯತ್ತೆ. ಹಿಂದೆ ಹೇರಿದ್ರೆ ಮುಂದೆ ಹಗುರ ಆಗತ್ತೆ, ಅಷ್ಟೇ."

"ಗಾಡಿ ಅಂದ್ರೆ ಗಾಡಿ ಕಣಮ್ಮ. ಬ್ಯಾಟರಿ ಇಟ್ಟ ಮಾತ್ರಕ್ಕೆ ಭೂಮಿ ತಲೆಕೆಳಗಾಗಲ್ಲ."

ಇಳಿಸಿ ಎಂದು ಅವಳು ಹೇಳಬೇಕಿತ್ತು. ಅವನ ಪಾದಗಳನ್ನು ನೋಡಿ ಕನಿಕರಪಟ್ಟಳು. ಆ ದಿನ ಅವಳು ಮಾಡಿದ ತಪ್ಪು ಅದೊಂದೇ. ಗೊಂಬೊನ ಹೆಂಡತಿ ಸೌಟಿನಿಂದ ಹಾಲು ಚಿಮುಕಿಸಿ ಪ್ರಯಾಣ ಹರಸಿದಳು. ಹಾಲು ಹಿಂದಿನ ಗಾಜಿನ ಮೇಲೆ ಬಿದ್ದು ಹಾಗೇ ಗಟ್ಟಿಯಾಯಿತು.

ಘಾಟಿಯಲ್ಲಿ ಒಂದು ದೊಡ್ಡ ಜೀಪು ಹಾರ್ನು ಬಾರಿಸುತ್ತ ಅವರನ್ನು ಹಿಂದೆ ಹಾಕಿ ಹೋಯಿತು.

"ನೋಡು, ಹಾಗೆ ಓಡಿಸ್ಬೇಕು," ಎಂದ ಗೊಂಬೊ.

ಕೊನೆಯ ತಿರುವಿನಲ್ಲಿ ಅದೇ ಜೀಪು ಜಾರಿ ತಿರುಗಿ ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಹಿಂದಿನ ಒಂದು ಚಕ್ರ ಕಣಿವೆಯ ಅಂಚಿನಿಂದ ಗೇಣು ದೂರ. ನರಿಚರ್ಮದ ಟೋಪಿಯ ಯಜಮಾನ ಅದನ್ನು ಪಕ್ಕಕ್ಕೆ ತೆಗೆಯುವವರೆಗೆ ಯಾಂಜ್ಮಾ ಏರಿನಲ್ಲಿ ನಿಲ್ಲಬೇಕಾಯಿತು. ಮತ್ತೆ ಪೆಡಲು ಒತ್ತಿದಾಗ ಮುಂದಿನ ಚಕ್ರಗಳು ಗಿರ್ರನೆ ತಿರುಗಿದವು. ಜಾರಿದ್ದು ತಿಳಿದ ಗಾಡಿ ತಾನೇ ಬಲ ಕಡಿತ ಮಾಡಿಕೊಂಡು ಸುಮ್ಮನಾಯಿತು. ಚಕ್ರದಡಿ ಕಂಬಳಿ ಹಾಸಿದಳು. ಒಂದು ಮೊಳ ಏರಿ ಮತ್ತೆ ಜಾರಿತು. ಗಂಟೆ ಹತ್ತು.

"ಜೋರಾಗಿ ಒತ್ತಮ್ಮ," ಎಂದ ಗೊಂಬೊ. ಅವನ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. "ನಿನ್ನಿಂದ ಆಗಲ್ಲ. ನಾನು ಆ ಜೀಪಲ್ಲಿ ಹೋಗ್ತೀನಿ."

"ಹೋಗಿ. ಅದರ ಚಕ್ರ ಎಲ್ಲೀತನಕ ಹೋಗಿತ್ತು ಅಂತ ಒಂದ್ಸಲ ನೋಡ್ಕೊಂಡು ಹೋಗಿ."

ಗೊಂಬೊ ಕಿಟಕಿಯಿಂದ ಕಣಿವೆಯ ಅಂಚಿನ ಗುರುತನ್ನು ನೋಡಿದ. ಬಾಗಿಲ ಹಿಡಿಯಿಂದ ಕೈ ತೆಗೆದ.

ಯಾಂಜ್ಮಾ ಇಳಿದು ಜೀಪಿನವನನ್ನು ಕರೆದಳು. "ತಮ್ಮಾ, ಆ ತೊಡೆ ಎರಡೂ ತಂದು ಮುಂದೆ ಇವರ ಕಾಲ ಹತ್ರ ನಿಲ್ಲಿಸು. ಕುರಿಗಳನ್ನ ನಿನ್ನ ಜೀಪಿಗೆ ಹಾಕ್ಕೋ."

"ಮಗಳಿಗೆ ಏನಂತ ಹೇಳ್ಲಿ?" ಎಂದ ಗೊಂಬೊ.

"ಅಪ್ಪ ಬದುಕಿ ಬಂದಿದಾನೆ ಅಂತ ಹೇಳಿ. ಕಾಲು ಸರಿಸಿ."

ನಲವತ್ತು ವರ್ಷದ ಅನುಭವ ಎತ್ತಿನ ಎರಡು ತೊಡೆಗಳನ್ನು ಮಂಡಿಗಳ ನಡುವೆ ತಬ್ಬಿಕೊಂಡು ಕೂತಿತು. ಜೀಪಿನವನು ಕುರಿ ತುಂಬಿಕೊಂಡ. ಮಗಳ ವಿಳಾಸ ಕೇಳಲಿಲ್ಲ. ಯಾಂಜ್ಮಾ ಪೆಡಲಿನ ಮೇಲೆ ಕಾಲಿಟ್ಟಳು. ಚಕ್ರ ಕಂಬಳಿಯನ್ನು ಹಿಡಿಯಿತು, ಆಮೇಲೆ ಮಂಜನ್ನು ಹಿಡಿಯಿತು. ಏರು ಮುಗಿಯುವವರೆಗೆ ಅವಳು ಕಾಲು ಕದಲಿಸಲಿಲ್ಲ. ಶಿಖರದ ಕಲ್ಲುಗುಪ್ಪೆಯ ದೇವರಿಗೆ ಮೂರು ಸಲ ಹಾರ್ನು ಹೊಡೆದು, ಇಂಜಿನ್ನೇ ತಡೆದು ಹಿಡಿಯುವಂತೆ ಲಿವರು ಹಾಕಿ, ನಡೆಯುವವರ ವೇಗದಲ್ಲಿ ಇಳಿದಳು. ಗೊಂಬೊನ ಬಾಯಿ ಉಸಿರೆಳೆಯುವುದಕ್ಕಷ್ಟೇ ತೆರೆಯುತ್ತಿತ್ತು. ಕಂಬಳಿ ಏರಿನಲ್ಲೇ ಉಳಿಯಿತು.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅವನನ್ನು ಹಾಸಿಗೆಗೆ ಹಾಕಿ ನಳಿಕೆ ಜೋಡಿಸಿದರು. ಒಂದು ಗಂಟೆಯಲ್ಲಿ ಉಸಿರು ಹದಕ್ಕೆ ಬಂತು, ಉಸಿರಿನ ಹಿಂದೆಯೇ ನಾಲಿಗೆಯೂ. ಅವನು ಗಾಡಿಯಲ್ಲಿ ಬಿಟ್ಟಿದ್ದ ಟೋಪಿಯನ್ನು ಕೊಡಲು ಯಾಂಜ್ಮಾ ಬಂದಾಗ ಅವನು ಪಕ್ಕದ ಹಾಸಿಗೆಯವನಿಗೆ ಹೇಳುತ್ತಿದ್ದ:

"ಈ ಹೈಬ್ರಿಡ್ ಗಾಡೀಲಿ ಭಾರ ಮುಂದೆ ಇರ್ಬೇಕಪ್ಪ. ನಾನು ಹೇಳಿದ್ದಕ್ಕೆ ಬಂದ್ವಿ. ಹೆಂಗಸರಿಗೆ ಇದೆಲ್ಲ ಎಲ್ಲಿ ತಿಳಿಯತ್ತೆ?"

ಯಾಂಜ್ಮಾ ಟೋಪಿಯನ್ನು ಅವನ ಹೊಟ್ಟೆಯ ಮೇಲಿಟ್ಟಳು.

"ಗುರುವಾರ ಏಳಕ್ಕೆ ಹೊರಡ್ತೀನಿ," ಎಂದಳು. "ಹೊಸ ಕಂಬಳಿ ತನ್ನಿ. ಬೇರೆ ಏನೂ ತರಬೇಡಿ."