ಕಟ್ಟದ ನೀರು ಬಾವಿಗೆ ಬರುವ ತನಕ

ಮನೆಯ ಕೆಳಗೆ ಹರಿಯುವ ತೋಡಿಗೆ ಮರಳಿನ ಗೋಣಿಗಳನ್ನು ಅಡ್ಡ ಹಾಕಿ ಕಟ್ಟ ಕಟ್ಟಿದ ಮರುದಿನವೇ ನಾನು ನಮ್ಮ ಬಾವಿಯ ನೀರು ಅಳೆಯತೊಡಗಿದೆ. ಹಗ್ಗದ ತುದಿಗೆ ಕಲ್ಲು, ಗೇಣಿಗೊಂದು ಗಂಟು. ಬೆಳಿಗ್ಗೆ ಪಂಪು ಹಾಕುವ ಮೊದಲು ಇಳಿಸಿ, ಒದ್ದೆಯಾದ ಗಂಟುಗಳನ್ನು ಎಣಿಸಿ, ತಾರೀಕಿನ ಪಕ್ಕ ಬರೆಯುತ್ತಿದ್ದೆ. ವಾರವಿಡೀ ಅದೇ ಅಂಕಿ. ಸಂಜೆ ಸುಮ್ಮನಿರಲಾಗದೆ ಮತ್ತೊಮ್ಮೆ ಇಳಿಸುತ್ತಿದ್ದೆ.

ಸೋಮವಾರ ಬೋರ್‌ವೆಲ್ ಲಾರಿ ಬರುವುದಿತ್ತು. ಕಳೆದ ಬೇಸಗೆಯಲ್ಲಿ ಟ್ಯಾಂಕರಿಗೆ ಕಾದು ಸಾಕಾಗಿದ್ದ ಅಮ್ಮ ಬೆಳ್ತಂಗಡಿಗೆ ಹೋಗಿ ಹೇಳಿ ಬಂದಿದ್ದಳು. ಕೊರೆಯಲು ಗುರುತು ಹಾಕಿದ ಜಾಗ ಆಚೆ ಮನೆಯ ಬಾವಿಗೆ ತೀರಾ ಹತ್ತಿರ. ಅಲ್ಲಿನ ಮುದುಕಿಯನ್ನು ನಾವೆಲ್ಲ ಉಮ್ಮ ಎನ್ನುತ್ತೇವೆ. ಅವರಿಗಿರುವುದು ಅದೊಂದೇ ಬಾವಿ. ಆಳಕ್ಕೆ ಕೊರೆದರೆ ಅದು ಬತ್ತೀತು ಎಂಬ ಹೆದರಿಕೆ ನನಗೆ.

ಮಳೆಯ ನೀರು ನಮ್ಮ ನೆಲದ ಕೆಂಪು ಮುರಕಲ್ಲಿನ ತೂತುಗಳಲ್ಲಿ ಇಳಿದು ಕೆಳಗಿನ ಜೇಡಿಮಣ್ಣಿನ ಮೇಲೆ ನಿಲ್ಲುತ್ತದೆ. ಅಲ್ಲಿಂದ ಮೆಲ್ಲನೆ ತೋಡಿನ ಕಡೆಗೆ ಜಾರುತ್ತದೆ. ತೋಡಿನಲ್ಲಿ ನೀರು ಎತ್ತರಕ್ಕೆ ನಿಂತರೆ ಆ ಜಾರುವಿಕೆ ನಿಧಾನವಾಗಿ, ಬಾವಿಗಳಲ್ಲಿ ನೀರು ಏರುತ್ತದೆ. ಇದೆಲ್ಲ ಗೊತ್ತಿತ್ತು. ಎಷ್ಟು ದಿನ ಬೇಕೆಂಬುದು ಮಾತ್ರ ಗೊತ್ತಿರಲಿಲ್ಲ.

ಶನಿವಾರ ಉಮ್ಮ ಬೇಲಿಯಾಚೆಯಿಂದ ಕೂಗಿದರು: "ಮಗಳೇ, ನಿನ್ನ ಹಗ್ಗ ತಾ! ನಮ್ಮ ಬಾವಿಯಲ್ಲಿ ನಿನ್ನೆ ಕಂಡ ಕಲ್ಲು ಇವತ್ತು ಮುಳುಗಿದೆ."

ಅಳೆದೆ. ನಿಜವಾಗಿಯೂ ಏರಿತ್ತು. ಓಡಿಬಂದು ಹೇಳಿದರೆ ಅಮ್ಮ ಸಿಡುಕಿದಳು.

"ಗೋಣಿ ಹೊತ್ತು ಸೊಂಟ ಹೋದದ್ದು ನನ್ನದು, ನೀರು ಅವರಿಗಾ?"

"ಅವರದ್ದು ತೋಡಿಗೆ ಹತ್ತಿರ ಅಲ್ವಾ ಅಮ್ಮ? ನಮ್ಮದಕ್ಕೂ ಬರ್ತದೆ."

"ಯಾವಾಗ? ನಿನ್ನ ಮದುವೆಗಾ?"

ಉಮ್ಮನಿಗೆ ಕೇಳಿಸಿತ್ತು. "ಅಷ್ಟರ ತನಕ ನಿಮ್ಮ ಪಂಪಿನ ಪೈಪು ಈಚೆ ನಮ್ಮ ಬಾವಿಗೆ ಬಿಡಿ ಮಾರಾಯ್ತಿ," ಎಂದು ನಕ್ಕರು. "ಆ ಲಾರಿಯೊಂದು ಬೇಡ."

ಅಮ್ಮ ಒಳಗೆ ಹೋದಳು.

ಭಾನುವಾರ ಸಂಜೆ ಅವಳೇ ಬಾವಿಕಟ್ಟೆಗೆ ಬಂದಳು. "ಎಷ್ಟು?"

"ಅಷ್ಟೇ."

ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ತಾನೇ ಇಳಿಸಿದಳು. ಅಷ್ಟೇ ಇತ್ತು. ಆಚೆ ಅಂಗಳದಲ್ಲಿ ಉಮ್ಮ ನೀರು ಸೇದುವುದನ್ನು ಸ್ವಲ್ಪ ಹೊತ್ತು ನೋಡಿ, ಸೆರಗಿಗೆ ಕೈ ಒರೆಸಿ ಲಾರಿಯವನಿಗೆ ಫೋನ್ ಮಾಡಿದಳು.

"ನಾಳೆ ಬರುವುದು ಬೇಡ. ಇಲ್ಲ, ನಮ್ಮದಕ್ಕೆ ಬರಲಿಲ್ಲ. ಆಚೆ ಮನೆಗೆ ಬಂದಿದೆ."

ಅವನು ಏನು ಕೇಳಿದನೋ, ಅಮ್ಮ ದನಿ ಏರಿಸಿದಳು: "ಹೌದು, ಅದಕ್ಕೇ ಬೇಡ ಅಂತ ಹೇಳಿದ್ದು!"