ವೆಂಕೋಬ ಮಾವನ ನಾಷ್ಟಾ

ಗಂಗಾವತಿ ದಾಟಿ ಹೊಳೆಯ ಕಡೆ ಹೊರಳಿದರೆ ಮೊದಲು ಊರಿಗಿಂತ ಬಂಡೆಗಳೇ ಹೆಚ್ಚಿದ್ದವು. ಈಗ ಬಂಡೆಗಳಿಗಿಂತ ರೆಸಾರ್ಟಿನ ಬೋರ್ಡುಗಳು ಹೆಚ್ಚು. ಗುಡ್ಡದ ಬುಡದಲ್ಲಿ ಭತ್ತ ಬೆಳೆಯುತ್ತಿದ್ದ ವೆಂಕೋಬ ಮಾವ, ಅಂದರೆ ನಮ್ಮ ಹೊಳಿಯಮ್ಮಕ್ಕನ ಗಂಡ, ಊರಿನವರಂತೆ ತಾನೂ ಮೂರು ರೂಮು ಕಟ್ಟಿಸಿ ಅಂಗಳದಲ್ಲಿ ಜೋಕಾಲಿ ಕಟ್ಟಿದ. ಪ್ರವಾಸಿಗರು ಬಂದರು. ಮಾವನ ನೆಮ್ಮದಿ ಹೋಯಿತು.

ಬಂದವರು ಗಿರಾಕಿಗಳು ಎಂಬುದು ಅವನ ತಲೆಗೆ ಇಳಿಯಲೇ ಇಲ್ಲ. ಮನೆಗೆ ಬಂದವರು ಉಣ್ಣುವ ಮೊದಲು ಮನೆಯ ಯಜಮಾನ ಬಾಯಿಗೆ ಏನೂ ಹಾಕಬಾರದು ಎನ್ನುವುದು ಅವರ ಮನೆತನದ ಪದ್ಧತಿ. ನೆಂಟರಾದರೆ ಕೋಳಿಗಿಂತ ಮೊದಲೇ ಏಳುತ್ತಾರೆ, ತೊಂದರೆಯಿಲ್ಲ. ಈ ಮಂದಿ ಬಿಸಿಲು ನೆತ್ತಿಗೆ ಬರುವ ತನಕ ಮಲಗುತ್ತಾರೆ. ಮಾವನಿಗೋ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿದ ಮೇಲೆ ತಡ ಮಾಡದೆ ತಿನ್ನಬೇಕೆಂದು ಡಾಕ್ಟರು ಹೇಳಿದ್ದಾರೆ. ಮಾವ ಅದರಲ್ಲಿ ಮೊದಲ ಅರ್ಧವನ್ನು ತಪ್ಪದೆ ಪಾಲಿಸುತ್ತಿದ್ದ. ಹೋದ ವಾರ ಕಣ್ಣಿಗೆ ಕತ್ತಲೆ ಬಂದು ಜೋಕಾಲಿಯ ಕೆಳಗೆ ಕುಸಿದಾಗ, ರೂಮಿನವರು ಶವಾಸನ ಅಂದುಕೊಂಡು ಸದ್ದಾಗದಂತೆ ದಾಟಿ ಹೋದರಂತೆ.

ಅಕ್ಕ ನನಗೆ ಫೋನು ಮಾಡಿದಳು. "ತಮ್ಮಾ, ಅತಿಥಿ ಆಗಿ ಬಂದು ಇರು. ನೀ ಮುಂಜಾನೆ ಎದ್ದು ತಿನ್ನು, ನಿಮ್ಮ ಮಾವಾರೂ ತಿಂತಾರ."

ಎದ್ದು ತಿನ್ನುವುದು ಬಿಟ್ಟರೆ ನನ್ನಲ್ಲಿ ಬೇರೆ ಗುಣವಿಲ್ಲವೆಂದು ನಮ್ಮೂರು ಭಾಗ್ಯನಗರಕ್ಕೆಲ್ಲ ಗೊತ್ತು. ಅವತ್ತೇ ಬಸ್ಸು ಹತ್ತಿದೆ.

ಮರುದಿನ ಮುಂಜಾನೆ ಒಂದು ತಾಟು ಮಂಡಕ್ಕಿ ಒಗ್ಗರಣೆಯನ್ನು ಮಿರ್ಚಿ ಬಜ್ಜಿ ಸಮೇತ ಮುಗಿಸಿ ಕರೆದೆ. "ಮಾವಾ, ಅತಿಥಿದು ಆತು. ಇನ್ನ ನೀವು ತಿನ್ರಿ."

"ನೀ ಎಲ್ಲಿ ಅತಿಥಿಲೇ? ಕರೀದಿದ್ರೂ ಬರಾಂವ."

ಗುಳಿಗೆ ಆಗಲೇ ಹೊಟ್ಟೆ ಸೇರಿತ್ತು. ಮಾವ ಮೊದಲ ರೂಮಿನ ಬಾಗಿಲಿಗೆ ಕಿವಿಯಿಟ್ಟ, ವಾಪಸು ಬಂದ, ಕೂತ, ಎದ್ದ, ಮತ್ತೆ ಹೋದ. ಬಾಗಿಲು ಬಡಿಯಲಾರ, ಮಲಗಿದವರನ್ನು ಎಬ್ಬಿಸಿದರೆ ಪಾಪವಂತೆ. ಅಕ್ಕ ಅಂಗಳದಲ್ಲಿ ತಾಮ್ರದ ಕೊಡವನ್ನು ಬೇಕೆಂದೇ ಬೀಳಿಸಿದಳು. ಒಳಗೆ ಯಾರೋ ಫ್ಯಾನು ಜೋರು ಮಾಡಿದರು. ಮಾವನ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಅಕ್ಕ ಬೆಲ್ಲದ ಹೆಂಟೆ ಹಿಡಿದರೂ ಅವನು ಬಾಯಿ ತೆರೆಯಲಿಲ್ಲ. ಗಾಬರಿಯಲ್ಲಿ ಇನ್ನೊಂದು ಮಿರ್ಚಿ ತಿಂದೆ.

ಅಕ್ಕ ಸೀದಾ ಹೋಗಿ ಬಾಗಿಲು ಗುದ್ದಿದಳು. ಹುಬ್ಬಳ್ಳಿಯಿಂದ ಬಂದಿದ್ದ ಅಮೃತಾ ಎಂಬ ಹುಡುಗಿ ಅರ್ಧ ಕಣ್ಣು ತೆರೆದು ನಿಂತಳು.

"ಯವ್ವಾ, ನೀ ಒಂದು ತುತ್ತು ತಿನ್ನಲಿಲ್ಲಂದ್ರ ನನ್ನ ಗಂಡ ಬೀಳ್ತಾನ!"

ಹುಡುಗಿಗೆ ಏನೂ ಅರ್ಥವಾಗಲಿಲ್ಲ. ಆದರೆ ಮಾವನ ಮುಖ ನೋಡಿ ಓಡಿಬಂದು ಒಂದು ಮುಷ್ಟಿ ಮಂಡಕ್ಕಿ ಬಾಯಿಗೆ ಹಾಕಿಕೊಂಡಳು. ಮಾವ ತಾಟಿನ ಮುಂದೆ ಕೂತ. ಕೈ ತಾಟಿನಲ್ಲಿಟ್ಟವನೇ ತಡೆದ.

"ಆ ಎರಡು ರೂಮಿನವರು ಇನ್ನೂ..."

"ಅಂಕಲ್," ಹುಡುಗಿ ರೇಗಿದಳು, "ನನ್ನ ನಿದ್ದಿ ಹಾಳಾತು, ಹಲ್ಲು ಉಜ್ಜದೇ ಮಂಡಕ್ಕಿ ತಿನ್ನಾಕತ್ತೀನಿ. ಈಗ ನೀವು ತಿನ್ನಲಿಲ್ಲಂದ್ರ ನೋಡ್ರಿ!"

ಮಾವ ಮಗುವಿನಂತೆ ತಿಂದ. ಅವನು ತಿನ್ನುತ್ತಿರುವಾಗಲೇ ಅಕ್ಕ ಅವನ ಜೇಬಿನಿಂದ ಬುಕಿಂಗಿನ ಫೋನನ್ನು ತೆಗೆದು ಸೆರಗಿಗೆ ಕಟ್ಟಿಕೊಂಡಳು.

ಆ ಮಂದಿ ಹೊರಟುಹೋದ ಮರುದಿನವೂ ನಾನು ಅಲ್ಲೇ ಇದ್ದೆ. ಮುಂಜಾನೆ ಬಂದ ಫೋನನ್ನು ಅಕ್ಕ ಎತ್ತಿದಳು. ಬೆಳಗಾವಿಯ ಯಾರೋ, ರೂಮಿನಿಂದ ಗುಡ್ಡ ಕಾಣುತ್ತದೆಯೇ ಎಂದು ಕೇಳುತ್ತಿದ್ದರು.

"ಗುಡ್ಡ ಎಲ್ಲಿಂದಾದ್ರೂ ಕಾಣ್ತೈತ್ರಿ. ನೀವು ಎಷ್ಟಕ್ಕ ಏಳ್ತೀರಿ, ಅದನ್ನ ಹೇಳ್ರಿ."

ರಜೆಗೆ ಬರುವವರಲ್ಲವೇ, ಹತ್ತರ ಮೇಲೆಯೇ ಎಂದರು.

"ಹಂಗಾರ ರೂಮು ಖಾಲಿ ಇಲ್ರಿ," ಎಂದು ಅಕ್ಕ ಫೋನು ಇಟ್ಟಳು.

ಮೂರೂ ರೂಮಿನ ಬಾಗಿಲು ಹಾರು ಹೊಡೆದಿದ್ದವು. ಮಾವ ಚಡಪಡಿಸಿ ಎದ್ದ, ಖಾಲಿ ರೂಮುಗಳಲ್ಲಿ ಒಮ್ಮೆ ಇಣುಕಿ ಬಂದ. ಎಬ್ಬಿಸುವುದಕ್ಕೆ, ಕಾಯುವುದಕ್ಕೆ ಯಾರೂ ಇರಲಿಲ್ಲ. ಅಕ್ಕನ ಮುಖ ನೋಡದೆ ಕೂತು ರೊಟ್ಟಿ ಮುರಿದ.