ಕೊನೆಯ ಸೈಕಲ್ ದಾಟುವವರೆಗೆ

ಹೋದ ವಾರ ಗುಜರಿ ಗಾಡಿ ನಮ್ಮ ಗೇಟಿನ ಮುಂದೆ ನಿಂತಿತ್ತು. ಹಳೆ ಪೇಪರಿನ ಕಟ್ಟು ಹಿಡಿದು ಹೋದವಳಿಗೆ, ಒಡೆದ ಬಕೆಟ್ಟು, ಫ್ಯಾನಿನ ರೆಕ್ಕೆಗಳ ನಡುವೆ ಒಂದು ತಗಡು ಕಂಡಿತು. ಎಣ್ಣೆ ಡಬ್ಬಿ ಕತ್ತರಿಸಿ ಮಾಡಿದ ಅಂಗೈಯಗಲದ ತುಂಡು. ಮೇಲೆ ಹಳದಿ ಬಣ್ಣದ ಗುಣಿಸು ಗುರುತು. ಒಂದು ಗೆರೆ ನೇರ, ಇನ್ನೊಂದು ತುಸು ಸೊಟ್ಟ. ಆ ಸೊಟ್ಟ ಗೆರೆ ಎಳೆಯುವುದನ್ನು ನಾನು ಅಡಿಗೆಮನೆ ಕಿಟಕಿಯಿಂದ ನೋಡಿದ್ದೆ. ಪರದೆ ಅರ್ಧ ಎಳೆದುಕೊಂಡು...

ಅದು ನಮ್ಮ ಎದುರುಮನೆಯ ರೈಲ್ವೆ ತಾತನ ತಗಡು. ಅವರನ್ನು ಯಾರೂ ಹೆಸರು ಹಿಡಿದು ಕರೆದಿದ್ದು ನನಗೆ ನೆನಪಿಲ್ಲ. ಅಜ್ಜಂಪುರದ ಕಡೆಯ ಸ್ಟೇಷನ್ನುಗಳಲ್ಲಿ ಸಿಗ್ನಲ್ಲಿನ ಲಿವರ್ ಎಳೆದೂ ಎಳೆದೂ ಬಲತೋಳು ಎಡತೋಳಿಗಿಂತ ದಪ್ಪವಾಗಿತ್ತು. ನಿವೃತ್ತರಾದ ಮೇಲೆ ಕಡೂರಿನ ಮಗಳ ಮನೆಗೆ ಬಂದಿದ್ದರು. ಸೈಕಲ್ ಹತ್ತುವ ಮುಂಚೆ ಪ್ಯಾಂಟಿನ ಬಲಗಾಲಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಳ್ಳುವರು. ಇಳಿದ ಮೇಲೆ ತೆಗೆಯಲು ಮರೆತು, ಹಾಗೇ ನಮ್ಮ ಮನೆಗೆ ಕಾಫಿಗೆ ಬಂದುಬಿಡುವರು.

ಊರಿನ ಸರ್ಕಲ್ಲಿಗೆ ಹೊಸದಾಗಿ ಸಿಗ್ನಲ್ ದೀಪ ಬಂದ ವರ್ಷ. ನಮಗೆಲ್ಲ ಹೆಮ್ಮೆಯೋ ಹೆಮ್ಮೆ. ತಾತ ಮಾತ್ರ ದಿನಾ ಸ್ಕೂಲಿನ ಹೊತ್ತಿಗೆ ಹೋಗಿ ಬೇಕರಿ ಕಟ್ಟೆಯ ಮೇಲೆ ಕೂತು, ವಾಚು ಹಿಡಿದು, ಸೈಕಲ್ಲುಗಳು ದಾಟುವುದನ್ನು ನೋಡಿ ಬರುತ್ತಿದ್ದರು.

"ಹಸಿರು ಹತ್ತೇ ಸೆಕೆಂಡು ಕಣಮ್ಮ. ಬೈಕಿನೋನು ಭರ್ರಂತ ಹೋಯ್ತಾನೆ. ಪಂಚನಹಳ್ಳಿ ರೋಡಿಂದ ತುಳ್ಕೊಂಡ್ ಬರೋ ಹೆಣ್ಮಕ್ಳು ನಿಂತಲ್ಲಿಂದ ಪೆಡಲ್ ಒತ್ತಿ ಏಳೋಕೇ ನಾಕು ಬೇಕು. ಇನ್ನು ದಾಟೋದ್ಯಾವಾಗ?"

"ಕಾರಿನೋರಿಗೂ ಕಣ್ಣಿರುತ್ತಲ್ಲ ತಾತ, ನಿಂತ್ಕೋತಾರೆ ಬಿಡಿ" ಎಂದಿದ್ದೆ ನಾನು.

"ಕಣ್ಣಿದ್ರೆ ಸಾಲ್ದು. ನಮ್ ರೈಲ್ವೇಲಿ ಗಾಡಿ ಬಾಲದಲ್ಲಿ ಹಳದಿ ಗುಣಿಸು ಗುರುತು ಇರ್ತದೆ. ಅದನ್ನ ಕಣ್ಣಾರೆ ಕಂಡ್ಮೇಲೇನೇ ಗಾಡಿ ಪೂರ್ತಿ ದಾಟ್ತು ಅಂತ. ಅಲ್ಲೀಗಂಟ ಹಿಂದಿನ ಗಾಡಿಗೆ ದಾರಿ ಕೊಡೋ ಹಂಗಿಲ್ಲ. ಕೊಟ್ರೆ ಮನೆಗ್ ಕಳಿಸ್ತಾರೆ."

ಕ್ಯಾಲೆಂಡರಿನ ಹಾಳೆಯ ಹಿಂದೆ ಸರ್ಕಲ್ಲಿನ ಚಿತ್ರ ಬರೆದಿದ್ದರು. ಸೈಕಲ್ಲುಗಳು ಮುಂದೆ ನಿಲ್ಲಲು ಒಂದು ಗೆರೆ, ಎತ್ತಿನಗಾಡಿಯುದ್ದ ಹಿಂದೆ ಕಾರು, ಬೈಕುಗಳಿಗೆ ಇನ್ನೊಂದು. ಮೊದಲು ಸೈಕಲ್ಲಿಗೆ ಹಸಿರು, ಆಮೇಲೆ ಮಿಕ್ಕವರಿಗೆ. ಎಲ್ಲರಿಗೂ ಕೆಂಪಾದ ಮೇಲೂ ಸ್ವಲ್ಪ ಹೊತ್ತು ರಸ್ತೆ ಖಾಲಿ ಇರಬೇಕು. "ನೀನು ಕಾನ್ವೆಂಟಲ್ಲಿ ಓದ್ದೋಳು. ಇಂಗ್ಲಿಷಲ್ಲಿ ಒಂದರ್ಜಿ ಬರ್ಕೊಡು" ಎಂದರು. ಬರೆದುಕೊಟ್ಟೆ. ಇಂಗ್ಲಿಷಿನ ಒಂದಕ್ಷರ ಓದಲು ಬರದಿದ್ದರೂ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅಕ್ಷರ ಮಲ್ಲಿಗೆ ದಂಡೆ ಇದ್ದಂಗದೆ ಕಣಮ್ಮ" ಎಂದರು. ನಾನು ಹಿಗ್ಗಿದ್ದೆ.

ಆ ದಿನಗಳಲ್ಲೇ ನಾನು ಕಾರು ಕಲಿಯುತ್ತಿದ್ದೆ. ಪಕ್ಕದ ಸೀಟಿನಲ್ಲಿ ನಮ್ಮನೆಯವರು. ಒಂದು ಬೆಳಿಗ್ಗೆ ಸರ್ಕಲ್ಲಿನಲ್ಲಿ ನಮ್ಮ ಕಡೆಗೆ ಹಸಿರು ಬಂತು. ಎದುರಿಗೆ, ರಸ್ತೆಯ ನಟ್ಟನಡುವೆ, ನೀಲಿ ಯೂನಿಫಾರಂನ ಒಬ್ಬಳು ಹುಡುಗಿ ಎದ್ದು ನಿಂತು ಪೆಡಲ್ ತುಳಿಯುತ್ತಿದ್ದಳು. ಅವಳು ಹಸಿರಿನಲ್ಲೇ ಹೊರಟವಳು. ದಾಟುವುದರೊಳಗೆ ಅವಳ ದೀಪ ಕೆಂಪಾಗಿತ್ತು. ನನ್ನ ಹಿಂದೆ ಲಾರಿ. "ಏನ್ ನೋಡ್ತಾ ಕೂತಿದೀಯೆ, ಹೊಡಿ ಹಾರನ್ನು" ಎಂದರು ನಮ್ಮನೆಯವರು. ಒತ್ತಿದೆ. ಗಾಬರಿಗೆ ಕೈ ತೆಗೆಯಲಿಲ್ಲ.

ಹುಡುಗಿ ಬೆಚ್ಚಿ, ಸೈಕಲ್ ಸಮೇತ ಬಿದ್ದಳು. ನನ್ನ ಕಾರು ಅವಳಿಗೆ ತಾಗಲಿಲ್ಲ. ಆ ಮಾತನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ... "ನಡಿ ನಡಿ, ಜನ ಸೇರ್ತಾರೆ. ನಿಂಗಿನ್ನೂ ಲೈಸೆನ್ಸ್ ಇಲ್ಲ" ಎಂದರು ಅವರು. ನಾನು ಕಾರು ಮುಂದಕ್ಕೆ ಬಿಟ್ಟೆ. ಕನ್ನಡಿಯಲ್ಲಿ ಅವಳ ಡಬ್ಬಿಯ ಚಿತ್ರಾನ್ನ ಟಾರಿನ ಮೇಲೆ ಚೆಲ್ಲಿದ್ದು ಕಂಡಿತು. ಯಾರೋ ಓಡಿ ಬಂದು ಅವಳನ್ನು ಎತ್ತುತ್ತಿದ್ದರು.

ಅವಳ ಬಲಗೈ ಮುರಿದಿತ್ತು. ಆ ವರ್ಷದ ಪರೀಕ್ಷೆ ಬರೆಯಲಾಗಲಿಲ್ಲ. ಹುಡುಗಿಗೆ ಬ್ಯಾಲೆನ್ಸ್ ಬರಲ್ಲ, ಅದಕ್ಕೇ ಬಿದ್ದಳು ಎಂದು ಊರು ತೀರ್ಮಾನ ಮಾಡಿತು.

ಮುಂದಿನ ತಿಂಗಳು ಸಮುದಾಯ ಭವನದಲ್ಲಿ ರಸ್ತೆಯ ವಿಷಯಕ್ಕೆ ಸಭೆ ಕರೆದರು. ತಾತ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿ ಬಂದಿದ್ದರು, ಕಾಲಿಗೆ ಕ್ಲಿಪ್ಪು ಹಾಗೇ. ಕ್ಯಾಲೆಂಡರಿನ ಹಾಳೆ ಬಿಡಿಸಿ ಹಿಡಿದಾಗ ಹಿಂದಿನ ಸಾಲಿನಿಂದ ಯಾರೋ, "ತಾತಾ, ಸರ್ಕಲ್ಲಿಗೆ ರೈಲು ಬಿಡ್ತೀಯೇನಪ್ಪಾ?" ಎಂದರು. ಸಭೆಯೆಲ್ಲ ನಕ್ಕಿತು. ಸಭೆಗೆ ಬಂದಿದ್ದ ರಸ್ತೆ ಇಲಾಖೆಯ ಎಂಜಿನಿಯರ್ ನಗಲಿಲ್ಲ. ಅರ್ಜಿಯನ್ನೂ, ಅದರ ಕೆಳಗೆ ತಾತ ಆಮೇಲೆ ಕನ್ನಡದಲ್ಲಿ ಸೇರಿಸಿದ್ದ ಸಾಲನ್ನೂ ಪೂರ್ತಿ ಓದಿ, "ಆ ಮಗು ದೀಪದ ಟೈಮ್ ಸಾಲದೆ ಬಿತ್ತು ಅಂತ ಬರ್ದಿದೀರ. ಅರ್ಜಿ ಕೊಟ್ಟೋರ ಮಾತೊಂದೇ ಸಾಲದು. ಕಣ್ಣಲ್ಲಿ ಕಂಡೋರು ಬೇರೆ ಯಾರಾದ್ರೂ ಇದೀರಾ? ಒಬ್ರು ಹೇಳಿದ್ರೂ ಬರ್ಕೊಂಡು ಮೇಲಕ್ಕೆ ಕಳಿಸ್ತೀನಿ" ಎಂದರು.

ನಾನು ಮೂರನೇ ಸಾಲಿನಲ್ಲಿದ್ದೆ. ನಮ್ಮ ಸ್ಕೂಲಿನಲ್ಲಿ ಸಿಸ್ಟರ್ ಬಂದು, ಇಂಕು ಚೆಲ್ಲಿದವರು ಯಾರು ಎಂದರೆ, ಬೇರೆಯವರು ಬೆರಳು ತೋರಿಸುವ ಮುಂಚೆ ನಾವೇ ಎದ್ದು ನಿಲ್ಲಬೇಕಿತ್ತು. ಎಂಟು ವರ್ಷದವಳಾಗಿ ನಿಂತಿದ್ದೇನೆ. ಅವತ್ತು ಏಳಲಿಲ್ಲ. ಸೆರಗಿನ ಅಂಚಿನ ಜರಿಯನ್ನು ನೋಡುತ್ತಾ ಕೂತೆ. ತಾತ ಹಿಂದಕ್ಕೆ ತಿರುಗಿ ಸಾಲುಸಾಲಾಗಿ ಎಲ್ಲರ ಮುಖ ನೋಡಿದರು. ನನ್ನ ಮುಖದ ಮೇಲೆ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಹಾಳೆ ಸುತ್ತಿದರು.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಪಕ್ಕಕ್ಕೆ ಬಂದರು. ಅವರ ಮಾತು ನನ್ನೊಬ್ಬಳಿಗೇ ಕೇಳುವಷ್ಟು ಸಣ್ಣದಾಗಿತ್ತು.

"ಹೋಗ್ಲಿ ಬಿಡಮ್ಮ. ಕಾರು ಕಲಿಯೋರಿಗೆ ಬ್ರೇಕಿಗಿಂತ ಹಾರನ್ನೇ ಬೇಗ ಕೈಗೆ ಸಿಗ್ತದೆ."

ಹುಡುಗಿ ಬಿದ್ದ ದಿನವೂ ಅವರು ಬೇಕರಿ ಕಟ್ಟೆಯ ಮೇಲೆ ಕೂತಿದ್ದರು. ಕಾರು ಯಾರದೆಂದು ಮೊದಲಿನಿಂದಲೂ ಗೊತ್ತಿತ್ತು. ನಾನೇ ಎದ್ದು ಹೇಳಲಿ ಎಂದು ಕಾದಿದ್ದರು.

ಮಾರನೆಯ ದಿನ ತಗಡಿನ ಮೇಲೆ ಹಳದಿ ಗುಣಿಸು ಗುರುತು ಬರೆದು, ತಂತಿಯಿಂದ ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿದರು. ಅಂದಿನಿಂದ ದಿನಾ ಬೆಳಿಗ್ಗೆ ಸರ್ಕಲ್ಲಿನಲ್ಲಿ ಕಾದಿದ್ದು, ಹುಡುಗಿಯರನ್ನೆಲ್ಲ ಮುಂದೆ ಬಿಟ್ಟು, ಎಲ್ಲರಿಗಿಂತ ಹಿಂದೆ ತಾವು ನಿಧಾನ ದಾಟುವರು. ಕೆಂಪಾದರೂ ಅಷ್ಟೇ, ಹಸಿರಾದರೂ ಅಷ್ಟೇ. ಹಾರನ್ನು, ಬೈಗುಳ ಎಲ್ಲ ಅವರ ಬೆನ್ನಿಗೆ. ಕೆಲವು ಸಲ ಆ ಸಾಲಿನಲ್ಲಿ ನನ್ನ ಕಾರೂ ಇರುತ್ತಿತ್ತು. ಕನ್ನಡಕ ಸರಿಮಾಡಿಕೊಳ್ಳುವವಳ ಹಾಗೆ ಮುಖ ತಗ್ಗಿಸುತ್ತಿದ್ದೆ. ಕಾಫಿಗೆ ಅವರು ಮೊದಲಿನಂತೆಯೇ ಬರುತ್ತಿದ್ದರು, ಸರ್ಕಲ್ಲಿನ ಮಾತು ಮಾತ್ರ ಎತ್ತುತ್ತಿರಲಿಲ್ಲ. ನಾನೂ ಎತ್ತಲಿಲ್ಲ. ಎರಡು ವರ್ಷ ಹೀಗೇ... ಒಂದು ಬೇಸಿಗೆಯಲ್ಲಿ ಮಂಡಿ ಕೈಕೊಟ್ಟಿತು, ಮಳೆಗಾಲ ಮುಗಿಯುವ ಮುಂಚೆ ಅವರೇ ಹೋಗಿಬಿಟ್ಟರು.

"ಅದ್ಯಾತಕ್ಕಮ್ಮ ನಿಮಗೆ, ಬರೀ ತುಕ್ಕು" ಎಂದ ಗುಜರಿಯವನು. ಪೇಪರಿನ ಕಟ್ಟು ಅವನಿಗೆ ಕೊಟ್ಟು ತಗಡು ತೆಗೆದುಕೊಂಡೆ. ಈಗ ಅದು ನನ್ನ ಕಾರಿನಲ್ಲಿ, ಪಕ್ಕದ ಸೀಟಿನ ಮೇಲೆ ಇದೆ.

ನಿನ್ನೆ ಸರ್ಕಲ್ಲಿನಲ್ಲಿ ನಿಂತಿದ್ದೆ. ದೀಪದ ಹೊತ್ತು ಇನ್ನೂ ಅಷ್ಟೇ. ನಮ್ಮ ಕಡೆಗೆ ಹಸಿರು ಬಂದಾಗ ಸೈಕಲ್ಲಿನ ಹುಡುಗಿಯೊಬ್ಬಳು ನಡುರಸ್ತೆಯಲ್ಲಿದ್ದಳು, ಬ್ಯಾಗು ಬೆನ್ನ ಮೇಲೆ ಕುಣಿಯುತ್ತಿತ್ತು. ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತೆ. ಹಿಂದಿನವರು ಹಾರನ್ ಒತ್ತಿದರು, ಬೈದರು. ಆ ಎಂಜಿನಿಯರ್‌ಗೆ ಯಾವಾಗಲೋ ವರ್ಗವಾಗಿದೆ. ಬೇಕರಿ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಗಾಜು ಏರಿಸಿದ್ದ ಕಾರಿನೊಳಗೆ, ತಗಡಿನ ಪಕ್ಕದಲ್ಲಿ, ಗಟ್ಟಿಯಾಗಿಯೇ ಹೇಳಿದೆ: "ನಾನು ನೋಡಿದ್ದೆ ಸಾರ್. ದೀಪ ಕೆಂಪಾದಾಗ ಆ ಮಗು ಇನ್ನೂ ನಡುರಸ್ತೆಯಲ್ಲಿತ್ತು. ಹಾರನ್ ಒತ್ತಿದೋಳು ನಾನೇ."